ಅಷ್ಟು ದೊಡ್ಡ ಬಯಲಿನಲ್ಲಿ ಎರಡು ವಿಮಾನ ಹೇಗೆ ತಾಗುತ್ತವೆ?

ಕಿಟಕಿ ಸೀಟು ಸುಬ್ಬು:
ಹೋದ ತಿಂಗಳು ನಡೆದದ್ದು. ಯಾವ ಊರು, ಯಾವ ಕಂಪನಿ ಅಂತ ಹೇಳುವುದಿಲ್ಲ, ಕೇಳಬೇಡಿ. ಬೆಳಗಿನ ವಿಮಾನ. ನನ್ನದು ಬಲಗಡೆ, ರೆಕ್ಕೆಗಿಂತ ನಾಲ್ಕು ಸಾಲು ಹಿಂದೆ. ಗೇಟು ಬಿಟ್ಟು ರನ್‌ವೇ ಕಡೆಗೆ ನಿಧಾನಕ್ಕೆ ಹೊರಟಿದ್ದೆವು. ಮುಂದಿನ ಸಾಲಿನಲ್ಲಿ ಆರೇಳು ವರ್ಷದ ಹುಡುಗನೊಬ್ಬ ಗಾಜಿಗೆ ಮೂಗು ಒತ್ತಿಕೊಂಡು ಕೂತಿದ್ದ. "ಅಪ್ಪಾ, ನಮ್ ರೆಕ್ಕೆ ಆ ಪ್ಲೇನಿಗೆ ತಾಗುತ್ತೆ ನೋಡು" ಅಂದ. ಅಪ್ಪ ಮೊಬೈಲಿನಿಂದ ತಲೆ ಎತ್ತಲಿಲ್ಲ, "ಸುಮ್ನೆ ಕೂತ್ಕೋ" ಅಂದರು. ಇನ್ನೂ ಹತ್ತು ಸೆಕೆಂಡ್ ಆಗಿರಲಿಲ್ಲ, ಬೀರು ಬಾಗಿಲನ್ನು ಜೋರಾಗಿ ಹಾಕಿದ ಹಾಗೆ ಒಂದು ಸದ್ದು. ಅಷ್ಟೇ. ವಿಮಾನ ಸ್ವಲ್ಪ ಎಡಕ್ಕೆ ತೂಗಿ ನಿಂತಿತು. ರೆಕ್ಕೆ ತುದಿಯಲ್ಲಿ ಮೇಲಕ್ಕೆ ಬಾಗಿರುತ್ತದಲ್ಲ, ಆ ಭಾಗ ಮುರಿದು ಒಂದು ಪಟ್ಟಿಯಲ್ಲಿ ಜೋತಾಡುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ವಿಮಾನದ ಕಿಟಕಿಗಳಿಂದ ಅಲ್ಲಿನವರು ನಮ್ಮನ್ನು ನೋಡುತ್ತಿದ್ದರು, ನಾವು ಅವರನ್ನು ನೋಡುತ್ತಿದ್ದೆವು. ಮೈಕಿನಲ್ಲಿ "ತಾಂತ್ರಿಕ ಕಾರಣ" ಅಂದರು. ಬಸ್ಸಿನಲ್ಲಿ ಟರ್ಮಿನಲ್‌ಗೆ ವಾಪಸ್. ಊರು ಸೇರಿದ್ದು ಸಂಜೆ.

ನನ್ನ ಪ್ರಶ್ನೆ ಇಷ್ಟೇ. ಸಾವಿರಾರು ಎಕರೆ ಜಾಗ. ಮುಂದೆ ಇಬ್ಬರು ಪೈಲಟ್. ಮೇಲೆ ಟವರ್. ನೆಲದ ಮೇಲೆ ಹಳದಿ ಗೆರೆ. ವೇಗವೂ ಸೈಕಲ್ಲಿನಷ್ಟು. ಮಗುವಿಗೆ ಕಂಡದ್ದು ಇಷ್ಟು ಜನಕ್ಕೆ ಕಾಣಲಿಲ್ಲವಾ?

ನಿಜ ಹೇಳ್ತೀನಿ:
ಪೈಲಟ್ ನಿರ್ಲಕ್ಷ್ಯ. ಅದರಲ್ಲಿ ಚರ್ಚೆ ಮಾಡೋಕೆ ಏನಿದೆ? ಗಾಡಿ ಓಡಿಸೋನಿಗೆ ತನ್ನ ಗಾಡಿ ಅಗಲ ಗೊತ್ತಿರಬೇಕು. ಇಬ್ಬರನ್ನೂ ಮನೆಗೆ ಕಳಿಸಿ, ತಾನಾಗಿ ಸರಿ ಹೋಗುತ್ತೆ.

ರ‍್ಯಾಂಪ್ ಮಂಜ:
ಗುರೂ, ಹನ್ನೊಂದು ವರ್ಷ ವಿಮಾನದ ಕೆಳಗೇ ಕೆಲಸ ಮಾಡಿದ್ದೇನೆ, ಮೊದಲು ಊರಲ್ಲಿ, ಈಗ ಗಲ್ಫಲ್ಲಿ. ಅದಕ್ಕೆ ಹೇಳುತ್ತೇನೆ. ದೊಡ್ಡ ವಿಮಾನದ ಪೈಲಟ್‌ಗೆ ತನ್ನ ರೆಕ್ಕೆ ತುದಿ ಕೂತ ಜಾಗದಿಂದ ಕಾಣುವುದೇ ಇಲ್ಲ. ರೆಕ್ಕೆ ಹಿಂದಕ್ಕೆ ಬಾಗಿರುತ್ತದೆ, ತುದಿ ಅವನ ಬೆನ್ನ ಹಿಂದೆ ಎಲ್ಲೋ ದೂರ. ಸಣ್ಣದರಲ್ಲಿ ತಲೆಯನ್ನು ಗಾಜಿಗೆ ಒತ್ತಿ ಹಿಂದೆ ತಿರುಗಿದರೆ ಚೂರು ಕಂಡೀತು, ಅದೂ ತನ್ನ ಕಡೆಯದು ಮಾತ್ರ. ನಿಮ್ಮ ಹುಡುಗ ಕೂತಿದ್ದ ಜಾಗ ರೆಕ್ಕೆಯ ಹಿಂದೆ. ಅವನಿಗೆ ಪೂರ್ತಿ ರೆಕ್ಕೆ ಕಣ್ಣ ಮುಂದೆ. ಹಾಗಾಗಿ ಮಗುವಿಗೆ ಕಂಡದ್ದರಲ್ಲಿ ಆಶ್ಚರ್ಯ ಏನಿಲ್ಲ.

ಅಗಲದ ಲೆಕ್ಕ ನೋಡಿ. ನಾವು ದಿನಾ ಹತ್ತುವ ಎ320 ರೆಕ್ಕೆ ತುದಿಯಿಂದ ತುದಿಗೆ ಸುಮಾರು 36 ಮೀಟರ್. ಎ350 ಆದರೆ 65ರ ಹತ್ತಿರ. ಎ380 ಸುಮಾರು 80 ಮೀಟರ್. 2022ರ ಅಕ್ಟೋಬರ್‌ನಿಂದ ನಮ್ಮ ದೇವನಹಳ್ಳಿಗೂ ಬರುತ್ತಿದೆಯಲ್ಲ, ಅದೇ. 80 ಮೀಟರ್ ಅಂದರೆ 30-40ರ ಸೈಟು ಅಡ್ಡಡ್ಡ ಹೆಚ್ಚುಕಮ್ಮಿ ಒಂಬತ್ತು ಇಟ್ಟ ಹಾಗೆ. ಅದರ ಎರಡೂ ಕೊನೆ ಕಾಣದೆ ಓಡಿಸಬೇಕು.

ಬೈಲಹೊಂಗಲದ ಬಸ್ಸು:
ನಮ್ಮಪ್ಪ ಸಾರಿಗೆ ಬಸ್ ಡ್ರೈವರ್ ಇದ್ದರು, 31 ವರ್ಷ. ಅವರು ಹೇಳ್ತಿದ್ದದ್ದು ನೆನಪಾಯ್ತು. ಬಸ್ಸಿನ ಮೂತಿ ಎಡಕ್ಕೆ ತಿರುಗಿಸಿದರೆ ಬಾಲ ಬಲಕ್ಕೆ ಬೀಸ್ತದ. ಹೊಸ ಡ್ರೈವರ್ ಎಲ್ಲಾ ಅಲ್ಲೇ ಕೆಡುತ್ತಾರೆ, ಮುಂದೆ ನೋಡ್ಕೊಂಡು ತಿರುಗಿಸ್ತಾರೆ, ಹಿಂದಿನ ಮೂಲೆ ಕಂಬಕ್ಕೆ ಒರೆಸಿರ್ತದ. ಅದಕ್ಕೇ ಕಂಡಕ್ಟರ್ ಹಿಂದೆ ಇಳಿದು ನಿಂತು "ಬರ್ಲಿ ಬರ್ಲಿ ಬರ್ಲಿ" ಅಂತಾನೆ, ತಾಗೋ ಹಂಗಾದರೆ "ಹೋಲ್ಡಾನ್" ಅಂತ ಕೂಗಿ ಬಸ್ಸಿನ ತಗಡಿಗೆ ಎರಡು ಬಡೀತಾನೆ. ವಿಮಾನಕ್ಕೆ ಕಂಡಕ್ಟರ್ ಇಲ್ಲೇನು?

ರ‍್ಯಾಂಪ್ ಮಂಜ:
ಅಣ್ಣಾ, ಇದ್ದಾನೆ, ಆದರೆ ಗೇಟಿನ ಹತ್ತಿರ ಮಾತ್ರ! ನಾನೇ ಆ ಕಂಡಕ್ಟರ್ ಕೆಲಸ ಮಾಡಿದ್ದು. ವಿಮಾನವನ್ನು ಹಿಂದಕ್ಕೆ ತಳ್ಳುವಾಗ ಟಗ್ (ತಳ್ಳುವ ಗಾಡಿ) ಡ್ರೈವರ್ ಒಬ್ಬ, ರೆಕ್ಕೆ ತುದಿಗೆ ಒಬ್ಬೊಬ್ಬ, ಕೈಯಲ್ಲಿ ರಾತ್ರಿಯಾದರೆ ಹೊಳೆಯುವ ಕೋಲು. ನಮಗೆ ವಿಂಗ್ ವಾಕರ್ ಅಂತಾರೆ. ಕೋಲು ಎರಡನ್ನೂ ತಲೆ ಮೇಲೆ ಅಡ್ಡ ಹಿಡಿದರೆ ನಿಲ್ಲು ಅಂತ, ಅದೇ ನಿಮ್ಮ ಹೋಲ್ಡಾನ್. ಟಗ್ ಬಿಚ್ಚಿ, ಕೈ ತೋರಿಸಿ ಬೀಳ್ಕೊಟ್ಟ ಮೇಲೆ ನಮ್ಮ ಕೆಲಸ ಮುಗಿಯಿತು. ಆಮೇಲೆ ರನ್‌ವೇ ತನಕ ವಿಮಾನ ಒಂಟಿ. ಹಿಂದೆ ಇಳಿದು ನೋಡುವವರು ಯಾರೂ ಇಲ್ಲ.

ತಿರುಗುವಾಗ ಬೀಸೋ ಲೆಕ್ಕವೂ ಅದೇ. ಎಡಕ್ಕೆ ತಿರುಗಿದರೆ ಬಲ ರೆಕ್ಕೆಯ ತುದಿ ಪೈಲಟ್ ಅಂದುಕೊಂಡದ್ದಕ್ಕಿಂತ ಹೊರಗೆ ಸುತ್ತು ಹಾಕುತ್ತದೆ. ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಆದರೆ ಹೇಳಿಕೊಟ್ಟದ್ದು ಬೇರೆ, ರಾತ್ರಿ ಮಳೆಯಲ್ಲಿ ಕಣ್ಣಂದಾಜು ಬೇರೆ.

ಅರ್ಧ ಇಂಜಿನಿಯರ್:
ಹಳದಿ ಗೆರೆ ವಿಚಾರಕ್ಕೆ ಬರೋಣ, ಅಸಲಿ ವಿಷಯ ಅಲ್ಲಿದೆ ಅನ್ನಿಸುತ್ತೆ. ಮೂಗಿನ ಚಕ್ರವನ್ನು ಗೆರೆ ಮೇಲೆ ಇಟ್ಟುಕೊಂಡು ಹೋದರೆ ಕಟ್ಟಡ, ಕಂಬ, ಬೇಲಿ ಯಾವುದಕ್ಕೂ ತಾಗದ ಹಾಗೆ ಟ್ಯಾಕ್ಸಿವೇ, ಅಂದರೆ ಗೇಟಿಗೂ ರನ್‌ವೇಗೂ ನಡುವಿನ ದಾರಿ, ಮಾಡಿರುತ್ತಾರೆ. ವಿಮಾನಗಳನ್ನು ರೆಕ್ಕೆ ಅಗಲದ ಮೇಲೆ ಗುಂಪು ಮಾಡಿದ್ದಾರೆ. 24ರಿಂದ 36 ಮೀಟರ್ ಒಳಗೆ ಇದ್ದರೆ ಸಿ, 52ರಿಂದ 65ರ ಒಳಗೆ ಇದ್ದರೆ ಇ, ಅದಕ್ಕೂ ಮೇಲೆ 80ರ ತನಕ ಎಫ್. ಯಾವ ದಾರಿಯಲ್ಲಿ ಯಾವ ಗುಂಪು ಹೋಗಬಹುದು ಅನ್ನೋದು ಮೊದಲೇ ಗೊತ್ತು. ಬೋಯಿಂಗ್‌ನವರು 777ಎಕ್ಸ್ ಅಂತ ಮಾಡಿದ್ದಾರಲ್ಲ, ಅದರ ರೆಕ್ಕೆ ಬಿಚ್ಚಿದರೆ ಸುಮಾರು 72 ಮೀಟರ್. ಹಾಗೇ ಬಿಟ್ಟರೆ ಬಹಳ ಏರ್‌ಪೋರ್ಟ್‌ಗಳ ಗೇಟಿಗೆ ಹೋಗುವುದಿಲ್ಲ. ಅದಕ್ಕೆ ತುದಿಯನ್ನೇ ಮಡಚುವ ಹಾಗೆ ಮಾಡಿದರು. ಮಡಚಿದರೆ 65ರ ಒಳಗೆ ಬರುತ್ತದೆ. ಕೊಡೆ ಮಡಚಿ ಬಸ್ ಹತ್ತಿದ ಹಾಗೆ.

ಆದರೆ ಗೆರೆಯ ಭರವಸೆ ಕಂಬ, ಕಟ್ಟಡಕ್ಕೆ ಮಾತ್ರ. ಪಕ್ಕದ ದಾರಿಯಲ್ಲಿ ಇನ್ನೊಂದು ವಿಮಾನ ತಾನು ನಿಲ್ಲಬೇಕಾದ ಜಾಗಕ್ಕಿಂತ ಹಿಂದೆ ನಿಂತು, ಅದರ ಬಾಲ ನಿಮ್ಮ ದಾರಿಗೆ ಚಾಚಿಕೊಂಡಿದ್ದರೆ, ಗೆರೆ ಮೇಲೆ ಕೂದಲೆಳೆ ತಪ್ಪದೆ ಹೋದವನೂ ಗುದ್ದುತ್ತಾನೆ.

ಇದು ನನ್ನ ಊಹೆ ಅಲ್ಲ. 2011ರ ಏಪ್ರಿಲ್ 11, ನ್ಯೂಯಾರ್ಕಿನ ಜೆಎಫ್‌ಕೆ. ಕತ್ತಲಾಗಿತ್ತು. ಏರ್ ಫ್ರಾನ್ಸ್‌ನ ಎ380 ಪ್ಯಾರಿಸ್‌ಗೆ ಹೊರಟಿದೆ, ಒಳಗೆ ಐನೂರಕ್ಕೂ ಜಾಸ್ತಿ ಜನ. ಕೊಮ್ಏರ್ ಕಂಪನಿಯ ಸಣ್ಣ ಸಿಆರ್‌ಜೆ ವಿಮಾನ ಇಳಿದು ಬಂದು, ಗೇಟಿನ ಕಡೆ ಜಾಗ ಸಿಗದೆ ಕಾಯುತ್ತ ನಿಂತಿದೆ. ಬಾಲ ಇನ್ನೂ ಮುಖ್ಯ ದಾರಿಯ ಕಡೆಗೇ ಇದೆ. ಎ380 ಎಡ ರೆಕ್ಕೆಯ ತುದಿ ಆ ಬಾಲಕ್ಕೆ ಹೊಡೆಯಿತು. ವಿಡಿಯೋ ಈಗಲೂ ಓಡಾಡುತ್ತೆ, ನೋಡಿ. ಸಣ್ಣ ವಿಮಾನ ಮಕ್ಕಳು ಬುಗುರಿಗೆ ಬೆರಳು ತಾಗಿಸಿದ ಹಾಗೆ ನಿಂತಲ್ಲೇ ಸುತ್ತಿ ಹೋಗುತ್ತದೆ. ಯಾರಿಗೂ ಏನೂ ಆಗಲಿಲ್ಲ, ಪುಣ್ಯ.

ನಿಜ ಹೇಳ್ತೀನಿ:
ಹಾಗಾದರೆ ಹಿಂದೆ ನಿಂತವನ ತಪ್ಪು. ಯಾರದ್ದಾದರೂ ತಪ್ಪು ಇರಲೇಬೇಕಲ್ಲ ಸ್ವಾಮಿ.

ಅರ್ಧ ಇಂಜಿನಿಯರ್:
ಅವನು ಮುಂದೆ ಹೋಗೋಕೆ ಜಾಗ ಇಲ್ಲದೆ ನಿಂತಿದ್ದು ಸಾರ್. ಸಿಗ್ನಲ್ಲಿನಲ್ಲಿ ಮುಂದೆ ಜಾಮ್ ಆದರೆ ನಿಮ್ಮ ಕಾರಿನ ಹಿಂಭಾಗ ಅಡ್ಡರಸ್ತೆ ಮೇಲೆ ಉಳಿಯುವುದಿಲ್ಲವಾ? ಸಿಲ್ಕ್ ಬೋರ್ಡಿನಲ್ಲಿ ದಿನಾ ನೋಡುತ್ತೀರಿ.

ಹದಿಮೂರು ವರ್ಷ ಆದ ಮೇಲೂ ಹೆಚ್ಚುಕಮ್ಮಿ ಅದೇ ಆಯಿತು. 2024ರ ಸೆಪ್ಟೆಂಬರ್ 10, ಅಟ್ಲಾಂಟಾ. ಟೋಕಿಯೋಗೆ ಹೊರಟ ಡೆಲ್ಟಾದ ಎ350, ಅಡ್ಡ ದಾರಿಯಲ್ಲಿ ರನ್‌ವೇಗೆ ಕಾಯುತ್ತಿದ್ದ ಎಂಡೆವರ್‌ನ ಸಿಆರ್‌ಜೆ-900. ಈ ಸಲ ಬಾಲದ ಮೇಲ್ಭಾಗ ಪೂರ್ತಿ ಕಿತ್ತು ಪಕ್ಕಕ್ಕೆ ಬಿತ್ತು. ಎಂಡೆವರ್ ಅಂದರೆ ಡೆಲ್ಟಾದ್ದೇ ಕೂಸು, ಅಂದರೆ ಒಂದೇ ಮನೆಯ ಎರಡು ವಿಮಾನ. 2025ರ ಅಕ್ಟೋಬರ್ 1ರ ರಾತ್ರಿ ನ್ಯೂಯಾರ್ಕಿನ ಲಗ್ವಾರ್ಡಿಯಾದಲ್ಲಿ ಮತ್ತೆ ಎಂಡೆವರ್‌ನದ್ದೇ ಎರಡು, ಒಂದರ ರೆಕ್ಕೆ ಇನ್ನೊಂದರ ಮೂತಿಗೆ. ಒಬ್ಬ ಸಿಬ್ಬಂದಿಗೆ ಗಾಯ ಆಯಿತು.

ಸುಜಾತಾ ಹಾಸನ:
ಭಾರತದಲ್ಲೂ ಆಗಿದೆ ಅಲ್ವಾ? ಕೋಲ್ಕತ್ತಾದ್ದು ಟಿವಿಯಲ್ಲಿ ನೋಡಿದ ನೆನಪು.

ರ‍್ಯಾಂಪ್ ಮಂಜ:
ಹೌದು ಮೇಡಂ, 2024ರ ಮಾರ್ಚ್ 27. ಚೆನ್ನೈಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇಗೆ ಹೋಗಲು ಕಾಯುತ್ತಿತ್ತು. ದರ್ಭಾಂಗಾಕ್ಕೆ ಹೊರಟ ಇಂಡಿಗೋ ಎ320 ಪಕ್ಕದಲ್ಲಿ ಹೋಗುವಾಗ ರೆಕ್ಕೆಗೆ ರೆಕ್ಕೆ ತಾಗಿತು. ಎರಡೂ ವಾಪಸ್ ಬಂದವು. ಇಂಡಿಗೋದ ಇಬ್ಬರೂ ಪೈಲಟ್‌ಗಳನ್ನು ತನಿಖೆ ಮುಗಿಯುವ ತನಕ ಡ್ಯೂಟಿಯಿಂದ ಇಳಿಸಿದರು. "ನಿಜ ಹೇಳ್ತೀನಿ" ಅವರಿಗೆ ಸಮಾಧಾನ ಆಗಬಹುದು.

ಬೆಂಗಳೂರಿನ ಕಥೆ ಬೇರೆ ರೀತಿ. 2025ರ ಏಪ್ರಿಲ್‌ನಲ್ಲಿ ಸಿಬ್ಬಂದಿ ಓಡಾಡುವ ಟೆಂಪೋ ಟ್ರಾವೆಲರ್ ಒಂದು ನಿಂತಿದ್ದ ವಿಮಾನದ ಕೆಳಗೆ ನುಗ್ಗಿ ಗುದ್ದಿತ್ತು. ಫೋಟೋ ನೋಡಿರಬೇಕು, ಟೆಂಪೋದ ಮಾಡು ಅಪ್ಪಚ್ಚಿ. ತಮಾಷೆ ಅಂದರೆ ಆ ವಿಮಾನ ಹಾರುತ್ತಲೇ ಇರಲಿಲ್ಲ, ಎಂಜಿನ್ ರಿಪೇರಿಗೆ ಕಾಯುತ್ತ ನಿಂತಿತ್ತು ಪಾಪ. ಅದರ ಪೈಲಟ್ ಮೇಲಂತೂ ತಪ್ಪು ಹೊರಿಸೋಕೆ ಆಗಲ್ಲ.

ನಿಜ ಹೇಳ್ತೀನಿ:
😄 ಸರಿ ಸರಿ. ಆದರೆ ಟವರ್‌ನವರು ಏನು ಮಾಡ್ತಾ ಇರ್ತಾರೆ? ಅವರಿಗೆ ಮೇಲಿಂದ ಎಲ್ಲಾ ಕಾಣುತ್ತೆ ಅಲ್ವಾ?

ಟವರ್ ತಾತ:
ನಿವೃತ್ತನಾಗಿ ಒಂಬತ್ತು ವರ್ಷ ಆಯಿತು, ಆದರೂ ಈ ಪ್ರಶ್ನೆಗೆ ಉತ್ತರ ಹೇಳದೆ ಇರಲಾರೆ. ನೀವು ಟೆರೇಸ್ ಮೇಲೆ ನಿಂತು ಒಂದು ಕಿಲೋಮೀಟರ್ ದೂರದ ರಸ್ತೆಯಲ್ಲಿ ಎರಡು ಬಸ್ಸುಗಳ ಕನ್ನಡಿ ನಡುವೆ ಎಷ್ಟು ಅಂತರ ಇದೆ ಹೇಳಿ ನೋಡೋಣ. ಹೇಳಲಾಗುವುದಿಲ್ಲ. ಟವರ್‌ನಿಂದ ಕಾಣುವುದು ವಿಮಾನ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಅನ್ನುವುದು. ರೆಕ್ಕೆ ತುದಿಗೂ ಬಾಲಕ್ಕೂ ಮಧ್ಯೆ ಎರಡು ಮೀಟರ್ ಇದೆಯೋ, ಮೈನಸ್ ಎರಡು ಮೀಟರ್ ಇದೆಯೋ ಕಾಣುವುದಿಲ್ಲ. ನೆಲದ ರೇಡಾರ್ ತೆರೆಯಲ್ಲೂ ಅಷ್ಟೇ, ಒಂದು ಗುರುತು, ಪಕ್ಕದಲ್ಲಿ ಹೆಸರು.

ಹಾಗಾಗಿ ನಾವು ಕೊಡುವುದು ದಾರಿ. ಇಂಥ ದಾರಿ ಹಿಡಿ, ಇಲ್ಲಿ ನಿಲ್ಲು, ಇಂಥ ವಿಮಾನಕ್ಕೆ ಜಾಗ ಬಿಡು. ತಾಗದ ಹಾಗೆ ನೋಡಿಕೊಳ್ಳುವುದು ಪೈಲಟ್ ಜವಾಬ್ದಾರಿ. ಅನುಮಾನ ಬಂದರೆ ನಿಲ್ಲಿಸಿ ಹೇಳಬೇಕು. ಹೇಳುವ ಪೈಲಟ್‌ಗಳು ಇದ್ದಾರೆ. "ಎದುರಿನವನ ಬಾಲ ದಾರಿಯಲ್ಲಿದೆ, ನಾನು ಹೋಗುವುದಿಲ್ಲ" ಅಂದರೆ ನಮಗೆ ಆ ಕ್ಷಣ ಕಿರಿಕಿರಿ ಆಗುತ್ತಿತ್ತು, ನಿಜ ಒಪ್ಪಿಕೊಳ್ಳುತ್ತೇನೆ. ಹಿಂದೆ ಆರು ವಿಮಾನ ಸಾಲು ನಿಂತಿರುತ್ತವೆ, ಪ್ರತಿಯೊಬ್ಬರೂ ಎಷ್ಟು ಹೊತ್ತು ಅಂತ ಕೇಳುತ್ತಿರುತ್ತಾರೆ. ನಿಂತವನಿಗೆ ನಾಲ್ಕು ಜನ ಬೈಯುತ್ತಾರೆ, ನುಗ್ಗಿ ಪಾರಾದವನಿಗೆ ಯಾರೂ ಏನೂ ಅನ್ನುವುದಿಲ್ಲ. ನುಗ್ಗಿದವರಲ್ಲಿ ಹೆಚ್ಚಿನವರು ಪಾರಾಗುತ್ತಾರೆ ಅನ್ನುವುದೇ ತೊಂದರೆ.

ಕಿಟಕಿ ಸೀಟು ಸುಬ್ಬು:
ತಾತ, ಇದು ನನಗೆ ಹೊಳೆದಿರಲಿಲ್ಲ. ನಮ್ಮ ಪೈಲಟ್ ಕೂಡ ಅದಕ್ಕೆ ಸ್ವಲ್ಪ ಮುಂಚೆ ಹೆಚ್ಚುಕಮ್ಮಿ ನಿಲ್ಲಿಸುವಷ್ಟು ನಿಧಾನ ಮಾಡಿ, ಮತ್ತೆ ಮುಂದೆ ಬಿಟ್ಟಿದ್ದರು. ಆಗ ಗಮನ ಹೋಗಲಿಲ್ಲ.

ಮಿಲಾನೋ ಮಂಗಳೂರು:
ಎಲ್ಲರೂ ರೆಕ್ಕೆ ಮುರಿದದ್ದರ ಬಗ್ಗೆ ಬರೆಯುತ್ತಿದ್ದೀರಿ. ನಾನು ಇರುವುದು ಮಿಲಾನಿನಲ್ಲಿ, ಲಿನಾತೆ ಏರ್‌ಪೋರ್ಟಿಗೆ ಹತ್ತಿರ. ಅದರ ಪಕ್ಕದ ಫೋರ್ಲಾನಿನಿ ಪಾರ್ಕಿನಲ್ಲಿ ಬೀಚ್ ಮರಗಳದ್ದೊಂದು ತೋಪು ಇದೆ. 118 ಮರ. ಭಾನುವಾರ ಮಗಳನ್ನು ಸೈಕಲ್ ತುಳಿಯಲು ಕರೆದುಕೊಂಡು ಹೋಗುತ್ತಿದ್ದೆ, ಬಹಳ ದಿನ ಅದು ಸುಮ್ನೆ ನೆಟ್ಟ ಮರ ಅಂದುಕೊಂಡಿದ್ದೆ.

2001ರ ಅಕ್ಟೋಬರ್ 8, ಬೆಳಿಗ್ಗೆ ದಟ್ಟ ಮಂಜು. ಒಂದು ಸಣ್ಣ ಸೆಸ್ನಾ ಸಿಟೇಷನ್ ಜೆಟ್‌ಗೆ ಆರ್5 ದಾರಿ ಹಿಡಿ ಅಂದರು. ಅದು ಆರ್6 ಹಿಡಿಯಿತು. ಎರಡೂ ಒಂದೇ ಕಡೆ ಶುರುವಾಗುವ ದಾರಿಗಳು. ಒಂದು ರನ್‌ವೇಯನ್ನು ಬಳಸಿಕೊಂಡು ಹೋಗುತ್ತದೆ, ಇನ್ನೊಂದು ನೇರ ರನ್‌ವೇಗೇ ಬಂದು ಬೀಳುತ್ತದೆ. ಗುರುತುಗಳು ಸವೆದು ಹೋಗಿದ್ದವು. ಪೈಲಟ್ ದಾರಿಯಲ್ಲಿ ಒಂದು ಗುರುತು ನೋಡಿ, ಎಸ್4 ಹತ್ತಿರ ಬರುತ್ತಿದ್ದೇನೆ ಅಂತ ರೇಡಿಯೋದಲ್ಲಿ ಹೇಳಿದ. ಕಂಟ್ರೋಲರ್ ಹತ್ತಿರ ಇದ್ದ ನಕ್ಷೆಯಲ್ಲಿ ಎಸ್4 ಅನ್ನುವುದೇ ಇರಲಿಲ್ಲ. ಹಳೆಯ ನೆಲದ ರೇಡಾರ್ ತೆಗೆದಿದ್ದರು, ಹೊಸದು ಇನ್ನೂ ಓಡುತ್ತಿರಲಿಲ್ಲ. ಮಂಜಿನಲ್ಲಿ ಕಣ್ಣಿಗಂತೂ ಏನೂ ಕಾಣದು. ಮುಂದಕ್ಕೆ ಹೋಗು ಅಂದರು. ಹೋಯಿತು. ಅದೇ ಹೊತ್ತಿಗೆ ಎಸ್‌ಎಎಸ್ ಕಂಪನಿಯ ಎಂಡಿ-87 ರನ್‌ವೇ ಮೇಲೆ ಓಡಿ ನೆಲ ಬಿಡುತ್ತಿತ್ತು.

ಎರಡೂ ವಿಮಾನದಲ್ಲಿ ಒಬ್ಬರೂ ಉಳಿಯಲಿಲ್ಲ. ಎಂಡಿ-87 ಹೋಗಿ ಲಗೇಜ್ ಕಟ್ಟಡಕ್ಕೆ ನುಗ್ಗಿತು, ಅಲ್ಲಿ ಕೆಲಸದಲ್ಲಿದ್ದವರಲ್ಲಿ ನಾಲ್ವರು ಸತ್ತರು. ಒಟ್ಟು 118 ಜನ, ಅದಕ್ಕೇ 118 ಮರ.

ಬೈಲಹೊಂಗಲದ ಬಸ್ಸು:
ಓದಿ ಕೈ ತಣ್ಣಗಾಯ್ತು ಸಾರ್. ನಕ್ಷೆಯಲ್ಲೇ ಇಲ್ಲದ ಜಾಗ ಅಂದರೆ ಹೆಂಗ್ರಿ.

ಅರ್ಧ ಇಂಜಿನಿಯರ್:
ಅದು ರನ್‌ವೇ ಅಪಘಾತ, ಈ ಚರ್ಚೆ ಟ್ಯಾಕ್ಸಿವೇ ಬಗ್ಗೆ ಅಲ್ಲವಾ? ಸ್ಪೇನಿನ ಟೆನೆರಿಫ್ ದ್ವೀಪದ್ದೂ ಹಾಗೇ, 1977, ಮಂಜು, ಎರಡು ಜಂಬೋ ಡಿಕ್ಕಿ, 583 ಜನ ಸತ್ತರು. ಅಲ್ಲಿ ವೇಗ ಬೇರೆ, ಅನಾಹುತ ಬೇರೆ. ಎರಡನ್ನೂ ಕಲಸಬಾರದು.

ಟವರ್ ತಾತ:
ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯ, ನಿಜ. ಆದರೆ ಲಿನಾತೆಯಲ್ಲಿ ತಪ್ಪಿದ್ದು ಟ್ಯಾಕ್ಸಿವೇಯಲ್ಲೇ. ಆ ಸಣ್ಣ ವಿಮಾನದವರು ತಾವು ಸರಿಯಾದ ಗೆರೆ ಮೇಲೆ ಇದ್ದೇವೆ ಅಂದುಕೊಂಡೇ ಹೋದರು. ಕಂಟ್ರೋಲರ್ ಕೂಡ ಅವರು ಹೇಳಿದ ಗೆರೆ ಮೇಲೆ ಇದ್ದಾರೆ ಅಂದುಕೊಂಡರು. ಜೆಎಫ್‌ಕೆಯಲ್ಲಿ ಎ380ಯವರು ಅಂದುಕೊಂಡದ್ದಕ್ಕೂ ಇದಕ್ಕೂ ಬಹಳ ದೂರ ಇಲ್ಲ. ಇಲ್ಲಿ ಬಾಲ ಮುರಿಯಿತು, ಅಲ್ಲಿ ಮಂಜಿತ್ತು.

ಅದಾದ ಮೇಲೆ ಹಸಿರು ದೀಪ, ಕೆಂಪು ಸ್ಟಾಪ್ ಬಾರ್ ಎಲ್ಲದಕ್ಕೂ ಬೆಲೆ ಬಂತು. ರಾತ್ರಿ ಕಿಟಕಿಯಿಂದ ನೋಡಿ, ದಾರಿ ನಡುವೆ ಹಸಿರು ದೀಪಗಳ ಸಾಲು ಇರುತ್ತದೆ. ರನ್‌ವೇ ಬಾಯಲ್ಲಿ ಅಡ್ಡ ಕೆಂಪು ಸಾಲು. ಕೆಂಪು ಆರದೆ ದಾಟುವಂತಿಲ್ಲ, ಬಾಯಲ್ಲಿ ಹೋಗು ಅಂದರೂ. ದೇವನಹಳ್ಳಿಯಲ್ಲೂ ಡಿಸೆಂಬರ್, ಜನವರಿ ಬೆಳಗಿನ ಮಂಜು ಗೊತ್ತಲ್ಲ, ಆಗ ಪೈಲಟ್‌ಗೆ ಈ ದೀಪಗಳೇ ಊರುಗೋಲು.

ಸುಜಾತಾ ಹಾಸನ:
ಒಂದು ದಡ್ಡ ಪ್ರಶ್ನೆ. ನನ್ನ ತಮ್ಮನ ಹೊಸ ಕಾರಿಗೆ ನಾಲ್ಕೂ ಕಡೆ ಕ್ಯಾಮೆರಾ ಇದೆ, ಹತ್ತಿರ ಹೋದರೆ ಕೂಯ್ ಕೂಯ್ ಅನ್ನುತ್ತೆ. ನೂರಾರು ಕೋಟಿಯ ವಿಮಾನಕ್ಕೆ ರೆಕ್ಕೆ ತುದಿಗೆ ಒಂದು ಕ್ಯಾಮೆರಾ ಇಲ್ಲವಾ?

ಅರ್ಧ ಇಂಜಿನಿಯರ್:
ಮೇಡಂ, ದಡ್ಡ ಪ್ರಶ್ನೆಯಂತೂ ಅಲ್ಲ. ಅಮೆರಿಕದ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲೇ ಇದನ್ನೇ ಕೇಳಿದ್ದು. ರೆಕ್ಕೆ ತುದಿ ಪೈಲಟ್‌ಗೆ ಕಾಣದ ದೊಡ್ಡ ವಿಮಾನಗಳಿಗೆ ಕ್ಯಾಮೆರಾದಂಥ ವ್ಯವಸ್ಥೆ ಬೇಕು ಅಂತ. ಎ380, ಎ350ಯಲ್ಲಿ ಟ್ಯಾಕ್ಸಿಗೆ ಸಹಾಯವಾಗುವ ಕ್ಯಾಮೆರಾ ಇವೆ, ಆದರೆ ಅವು ಮುಖ್ಯವಾಗಿ ಚಕ್ರ ಗೆರೆ ಮೇಲೆ ಇದೆಯಾ ನೋಡೋಕೆ. ತುದಿಗೆ ಅಂತ ಎಲ್ಲಾ ವಿಮಾನಕ್ಕೂ ಕಡ್ಡಾಯ ಆಗಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಇಂಥದ್ದರಲ್ಲಿ ಸಾಮಾನ್ಯವಾಗಿ ಯಾರೂ ಸಾಯುವುದಿಲ್ಲ. ಲೋಹ ಮುರಿಯುತ್ತೆ, ವಿಮೆಯವರು ಕೊಡ್ತಾರೆ. ಹಾಗಾಗಿ ಅವಸರ ಯಾರಿಗೂ ಇಲ್ಲ.

ರ‍್ಯಾಂಪ್ ಮಂಜ:
ಕಣ್ಣಿದ್ದರೂ ಆಗುತ್ತೆ ಅನ್ನೋದಕ್ಕೆ ಜಪಾನ್ ನೋಡಿ. 2024ರ ಜನವರಿ 16, ಹೊಕ್ಕೈಡೋದ ಶಿನ್-ಚಿಟೋಸೆ ಏರ್‌ಪೋರ್ಟ್. ಕೊರಿಯನ್ ಏರ್‌ನ ವಿಮಾನವನ್ನು ಟಗ್ ಹಿಂದಕ್ಕೆ ತಳ್ಳುತ್ತಿತ್ತು. ಹಿಮದಲ್ಲಿ ಟಗ್ ಜಾರಿ ರೆಕ್ಕೆ ಹೋಗಿ ಕ್ಯಾಥೆ ಪೆಸಿಫಿಕ್ ವಿಮಾನಕ್ಕೆ ತಾಗಿತು. ತಳ್ಳುವವನಿಗೆ ಕಾಣುತ್ತಿದ್ದರೂ ಜಾರುವ ಟಗ್ ಮುಂದೆ ಏನು ಮಾಡ್ತಾನೆ. ನನಗೆ ಹಿಮ ಗೊತ್ತಿಲ್ಲ, ಆದರೆ ಮಳೆ ನೀರಿನ ಮೇಲೆ ಎಣ್ಣೆ ಇದ್ದರೆ ಟಗ್ ಹೇಗೆ ಕೈ ಕೊಡುತ್ತೆ ಗೊತ್ತು. ಕೋಲು ಅಡ್ಡ ಹಿಡಿದು ನಿಂತಿರ್ತೀವಿ, ಅದು ನಿಲ್ಲಲ್ಲ. ಆ ಎರಡು ಸೆಕೆಂಡ್ ಬೇಡ ಯಾರಿಗೂ.

ನಿಜ ಹೇಳ್ತೀನಿ:
ಒಂದು ಅನುಮಾನ. ರೆಕ್ಕೆ ತುದಿ ಚೂರು ಕಿತ್ತರೆ ಟೇಪ್ ಸುತ್ತಿ ಹೋಗೋಕೆ ಆಗಲ್ವಾ? ಸುಬ್ಬು ಅವರು ಸಂಜೆ ತನಕ ಕಾಯಬೇಕಾಯಿತಲ್ಲ.

ಅರ್ಧ ಇಂಜಿನಿಯರ್:
ಕಣ್ಣಿಗೆ ಕಂಡದ್ದು ಚೂರು. ತುದಿಗೆ ಬಿದ್ದ ಪೆಟ್ಟು ರೆಕ್ಕೆ ಬುಡದ ತನಕ ಹೋಗಿರಬಹುದು, ಉದ್ದ ಕೋಲಿನ ತುದಿಗೆ ಹೊಡೆದರೆ ಕೈ ಜುಮ್ ಅನ್ನುತ್ತಲ್ಲ ಹಾಗೆ. ಒಳಗೆ ಪೆಟ್ರೋಲ್ ಟ್ಯಾಂಕ್ ಬೇರೆ ಅಲ್ಲೇ ಇದೆ. ಕಾರ್ಬನ್ ರೆಕ್ಕೆಯಾದರೆ ಹೊರಗೆ ಗೀರೂ ಕಾಣದೆ ಒಳಪದರ ಬಿಟ್ಟಿರಬಹುದು. ಯಂತ್ರ ಹಿಡಿದು ಪೂರ್ತಿ ಪರೀಕ್ಷೆ ಮಾಡದೆ ಯಾವ ಇಂಜಿನಿಯರೂ ಸಹಿ ಹಾಕಲ್ಲ. ಜೊತೆಗೆ ತನಿಖೆಯವರು ಬರಬೇಕು, ರೆಕಾರ್ಡರ್ ತೆಗೆಯಬೇಕು.

ಟವರ್ ತಾತ:
ಪೆಟ್ರೋಲ್ ಅಲ್ಲಪ್ಪ, ಎಟಿಎಫ್. ಸೀಮೆಎಣ್ಣೆಯ ಅಣ್ಣ. ಉಳಿದದ್ದು ಸರಿ.

ಸುಜಾತಾ ಹಾಸನ:
ಸುಬ್ಬು ಅವರೇ, ಊಟ ಕೊಟ್ಟರಾ? ದುಡ್ಡು ವಾಪಸ್ ಕೇಳಬಹುದಿತ್ತು.

ಕಿಟಕಿ ಸೀಟು ಸುಬ್ಬು:
ಒಂದು ಸ್ಯಾಂಡ್‌ವಿಚ್, ಒಂದು ಜ್ಯೂಸ್. ಆರು ಗಂಟೆ ದಾಟಿದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ ಅಂತ ನಿಯಮ ಇದೆ, ನಾನು ಬೇರೆ ವಿಮಾನ ತೆಗೆದುಕೊಂಡೆ. ನನ್ನ ಪಕ್ಕದ ಅಜ್ಜಿ ಮಗಳ ಬಾಣಂತನಕ್ಕೆ ಹೊರಟಿದ್ದರು. ಚೀಲದಲ್ಲಿ ಇದ್ದ ಅಂಟಿನ ಉಂಡೆಯಲ್ಲಿ ಅರ್ಧ ನಮಗೇ ಹಂಚಿದರು. ಮಗಳಿಗೆ ಎಷ್ಟು ಉಳಿಯಿತೋ ದೇವರಿಗೇ ಗೊತ್ತು.

ಮಂಜಣ್ಣ, ಕೊನೆಯದಾಗಿ ಒಂದು. ಆ ಹುಡುಗ ಹೇಳಿದಾಗ ನನಗೂ ಅರ್ಧ ಹಾಗೇ ಅನ್ನಿಸಿತ್ತು. ನಾಚಿಕೆ ಆಗಿ ಸುಮ್ಮನಿದ್ದೆ. ಆಗ ಬೆಲ್ ಒತ್ತಿದ್ದರೆ ಏನಾದರೂ ಆಗುತ್ತಿತ್ತಾ?

ರ‍್ಯಾಂಪ್ ಮಂಜ:
ಹತ್ತು ಸೆಕೆಂಡಿನಲ್ಲಿ ಆಗುತ್ತಿರಲಿಲ್ಲ ಅಣ್ಣಾ. ಬೆಲ್ ಒತ್ತಿದರೆ ಸಿಬ್ಬಂದಿ ಎದ್ದು ಬಂದು ಏನು ಅಂತ ಕೇಳಬೇಕು, ಆಮೇಲೆ ಕಿಟಕಿಗೆ ಬಗ್ಗಿ ನೋಡಬೇಕು, ಆಮೇಲೆ ಫೋನಿನಲ್ಲಿ ಪೈಲಟ್‌ಗೆ ಹೇಳಬೇಕು. ಟ್ಯಾಕ್ಸಿ ಶುರುವಾದ ಮೇಲೆ ಪೈಲಟ್ ಜೊತೆ ಸುಮ್ಮನೆ ಮಾತಾಡುವಂತಿಲ್ಲ, ಸುರಕ್ಷತೆ ವಿಷಯ ಆದರೆ ಮಾತಾಡಬಹುದು. ಆದರೂ ಒತ್ತಿ. ಬೆಂಕಿ, ಎಣ್ಣೆ ಸೋರಿಕೆ, ರೆಕ್ಕೆ ಹತ್ತಿರ ಇನ್ನೊಂದು ವಿಮಾನ, ಏನು ಕಂಡರೂ ಜೋರಾಗಿ ಹೇಳಿ. ತಪ್ಪಾದರೆ ಒಂದು ನಗು, ಅಷ್ಟೇ ತಾನೆ.

ನನಗೆ ಶಿಫ್ಟ್ ಇದೆ, ಹೊರಟೆ. ಇವತ್ತು ಮೊದಲ ವಿಮಾನವೇ ಎ380. ರೆಕ್ಕೆ ಎಡಗಡೆ ನನ್ನದು.